ಹೆಸರಿಗೂ ಒಂದು ಬೀಗ ಬೇಕು

(ಕೋಲ್ಕತ್ತಾದಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ದುಡಿದು ಉಣ್ಣುವವನಿಗೆ ಆಸ್ತಿಯೆಂಬುದು ಎರಡೇ. ಒಂದು, ತಿಂಗಳಿಗೊಮ್ಮೆ ಕೈಸೇರುವ ಸಂಬಳ. ಇನ್ನೊಂದು, ಅವನ ಹೆಸರು. ಸಂಬಳದ ರಕ್ಷಣೆಯ ವಿಷಯವಾಗಿ ಕಾರ್ಮಿಕ ಸಂಘಗಳು ಬಹುಕಾಲದಿಂದ ಮಾತನಾಡುತ್ತ ಬಂದಿವೆ. ಹೆಸರಿನ ರಕ್ಷಣೆಯ ವಿಷಯವಾಗಿಯೂ ಮಾತನಾಡಬೇಕಾದ ಕಾಲ ಈಗ ಬಂದಿದೆ. ಏಕೆಂದರೆ ಇಂದು ಸಂಬಳವನ್ನು ಕದಿಯುವವನು ಮೊದಲು ಕದಿಯುವುದು ಹೆಸರನ್ನೇ.

ಮೋಸವೆಂಬುದು ಈ ನಗರಕ್ಕೆ ಹೊಸದೇನೂ ಅಲ್ಲ. 1980ರಲ್ಲಿ ಸಂಚಯಿತಾ ಎಂಬ ಹಣಕಾಸು ಸಂಸ್ಥೆಯ ವ್ಯವಹಾರ ಬಯಲಿಗೆ ಬಂದಿತು. 2013ರ ಏಪ್ರಿಲಿನಲ್ಲಿ ಶಾರದಾ ಸಮೂಹ ಕುಸಿಯಿತು. ಹೆಚ್ಚು ಬಡ್ಡಿಯ ಆಸೆಗೆ ಬಿದ್ದ ಬಡವರು, ಮಧ್ಯಮ ವರ್ಗದವರು ತಮ್ಮ ಗಂಟನ್ನು ಅಲ್ಲಿ ಇಟ್ಟಿದ್ದರು. ಆ ಕಾಲದ ವಂಚಕರು ತಮ್ಮ ಹೆಸರನ್ನು ಫಲಕದ ಮೇಲೆ ದೊಡ್ಡದಾಗಿ ಬರೆಸಿ ನಮ್ಮ ಹಣವನ್ನು ಕೇಳುತ್ತಿದ್ದರು. ಕೊಡುವುದು ಬಿಡುವುದು ನಮ್ಮ ಕೈಯಲ್ಲಿತ್ತು. ಈಗಿನ ವಂಚಕನು ಹಾಗಲ್ಲ. ಅವನು ತನ್ನ ಹೆಸರನ್ನು ಮರೆಮಾಡಿ ನಮ್ಮ ಹೆಸರನ್ನು ತೊಟ್ಟುಕೊಂಡು ಬ್ಯಾಂಕಿಗೆ ಹೋಗುತ್ತಾನೆ. ನಾವು ಮಲಗಿರುವಾಗಲೂ ಹೋಗುತ್ತಾನೆ. ಆದಕಾರಣ ಆಸೆಯನ್ನು ಬಿಟ್ಟರೆ ಸಾಕು, ಮೋಸ ಹೋಗುವುದಿಲ್ಲ ಎಂಬ ಹಿರಿಯರ ಮಾತು ಇಂದು ಅರ್ಧಕ್ಕೆ ಮಾತ್ರ ನಿಜ.

ಪರವೂರಿನಲ್ಲಿ ದುಡಿಯುವ ನಮಗೆ ಈ ಅಪಾಯ ಇನ್ನೂ ಹೆಚ್ಚು. ಊರಿನಲ್ಲಿ ನಮ್ಮನ್ನು ಗುರುತಿಸಲು ಕಾಗದ ಬೇಕಿಲ್ಲ. ಇಂಥವರ ಮಗ, ಇಂಥ ಕೇರಿಯವನು ಎಂದರೆ ಮುಗಿಯಿತು. ಇಲ್ಲಿ ಹಾಗಲ್ಲ. ಕೋಣೆ ಬಾಡಿಗೆಗೆ ಬೇಕಾದರೆ ಆಧಾರಿನ ಪ್ರತಿ. ಸಿಮ್ ಬೇಕಾದರೆ ಮತ್ತೊಮ್ಮೆ. ಕೆಲಸಕ್ಕೆ ಸೇರುವಾಗ ಆಧಾರ್, ಪ್ಯಾನ್, ಬ್ಯಾಂಕಿನ ಪುಸ್ತಕ ಮೂರೂ. ಲೇಕ್ ಮಾರ್ಕೆಟಿನ ಸುತ್ತ ವಾಸವಾಗಿರುವವರಾಗಲಿ, ಸಾಲ್ಟ್ ಲೇಕಿನ ಕಚೇರಿಗಳಿಗೆ ಹೋಗುವವರಾಗಲಿ, ವರ್ಷವೊಂದರಲ್ಲಿ ಎಷ್ಟು ಕಡೆ ತಮ್ಮ ಪ್ರತಿಗಳನ್ನು ಬಿಟ್ಟುಬಂದಿದ್ದೇವೆಂದು ಲೆಕ್ಕ ಹಾಕಿ ನೋಡಲಿ. ಆ ಪ್ರತಿಗಳು ಈಗ ಯಾರ ಮೇಜಿನಲ್ಲಿವೆ, ಯಾರ ಮೊಬೈಲಿನಲ್ಲಿವೆ ಎಂದು ಹೇಳಬಲ್ಲವರು ನಮ್ಮಲ್ಲಿ ಬಹಳ ಜನ ಇರಲಾರರು.

ಈ ನಗರದಲ್ಲಿಯೇ ನಡೆದ ಕೆಲವು ಸಂಗತಿಗಳನ್ನು ಕ್ರಮವಾಗಿ ನೋಡೋಣ. ಕಳ್ಳತನದ ದಾರಿ ಹೇಗೆ ಬದಲಾಗುತ್ತ ಬಂದಿತೆಂಬುದು ಅದರಿಂದ ತಿಳಿಯುತ್ತದೆ.

2018ರ ಜುಲೈ ಕೊನೆಯ ಹೊತ್ತಿಗೆ ದಕ್ಷಿಣ ಕೋಲ್ಕತ್ತಾದ ಅನೇಕರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಕಾರ್ಡು ಅವರ ಜೇಬಿನಲ್ಲಿಯೇ ಇದ್ದಿತು. ಹಣ ಮಾತ್ರ ದಿಲ್ಲಿಯಲ್ಲಿ ಹೊರಬಿದ್ದಿತ್ತು. ಗರಿಯಾಹಾಟದ ಕಡೆಯ ಎ.ಟಿ.ಎಂ. ಯಂತ್ರದಲ್ಲಿ ಕಾರ್ಡಿನ ಕಪ್ಪು ಪಟ್ಟಿಯ ವಿವರವನ್ನು ನಕಲು ಮಾಡುವ ಸಣ್ಣ ಉಪಕರಣವನ್ನೂ, ಪಿನ್ ಒತ್ತುವ ಬೆರಳುಗಳನ್ನು ನೋಡಲು ಗುಪ್ತ ಕ್ಯಾಮರಾವನ್ನೂ ಇಡಲಾಗಿತ್ತು. ಕೋಲ್ಕತ್ತಾ ಪೋಲೀಸರು ದಿಲ್ಲಿಗೆ ಹೋಗಿ ರೊಮೇನಿಯಾ ದೇಶದವರನ್ನು ಹಿಡಿದು ತಂದರು. 2019ರ ಡಿಸೆಂಬರಿನಲ್ಲಿ ಜಾದವಪುರದ ಕಡೆಯಿಂದ ಮತ್ತೆ ಇಂತಹುದೇ ದೂರುಗಳು ಬಂದುವು. ಚಿಪ್ ಇರುವ ಕಾರ್ಡುಗಳನ್ನು ಎಲ್ಲರಿಗೂ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕು ವಿಧಿಸಿದ ಗಡುವು 2018ರ ಡಿಸೆಂಬರ್ 31. ಪಟ್ಟಿಯನ್ನು ನಕಲು ಮಾಡಿದಷ್ಟು ಸುಲಭವಾಗಿ ಚಿಪ್ಪನ್ನು ನಕಲು ಮಾಡಲಾಗುವುದಿಲ್ಲ. ಆದರೂ ಪಿನ್ ಒತ್ತುವಾಗ ಇನ್ನೊಂದು ಕೈಯನ್ನು ಮರೆಯಾಗಿ ಹಿಡಿಯುವ ಅಭ್ಯಾಸ ಇಂದಿಗೂ ಬೇಕಾದುದೇ.

ಕಾರ್ಡು ಕಠಿಣವಾದೊಡನೆ ಕಳ್ಳನು ಬೆರಳಿಗೆ ಕೈಹಾಕಿದ. 2023ರಲ್ಲಿ ಕೋಲ್ಕತ್ತಾದಲ್ಲಿಯೂ ಬಂಗಾಳದ ಇತರ ಜಿಲ್ಲೆಗಳಲ್ಲಿಯೂ ಖಾತೆಗಳಿಂದ ಹಣ ಹೋದ ದೂರುಗಳು ಸಾಲುಸಾಲಾಗಿ ಬಂದುವು. ಯಾರೂ ಕರೆ ಮಾಡಿರಲಿಲ್ಲ, ಯಾರೂ ಒ.ಟಿ.ಪಿ. ಕೇಳಿರಲಿಲ್ಲ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳ ಮೂಲಕ ಹಣ ಪಡೆಯುವ ಒಂದು ವ್ಯವಸ್ಥೆಯಿದೆ, ಎ.ಇ.ಪಿ.ಎಸ್. ಎನ್ನುತ್ತಾರೆ. ಬ್ಯಾಂಕಿನ ಶಾಖೆಯಿಲ್ಲದ ಹಳ್ಳಿಯ ಬಡವರಿಗೆ ಅದು ದೊಡ್ಡ ಉಪಕಾರ. ಅದಕ್ಕೆ ಪಿನ್ ಬೇಡ, ಒ.ಟಿ.ಪಿ. ಬೇಡ. ವಂಚಕರು ಜಮೀನಿನ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚುಗಳನ್ನು ಅಂತರ್ಜಾಲದಿಂದ ತೆಗೆದು, ರಬ್ಬರಿನಂತಹ ವಸ್ತುವಿನ ಮೇಲೆ ಅಚ್ಚು ಮಾಡಿ, ಆ ಹುಸಿ ಬೆರಳಿನಿಂದ ಹಣ ತೆಗೆಯುತ್ತಿದ್ದರೆಂದು ತನಿಖೆಯಲ್ಲಿ ಕಂಡುಬಂದಿತು.

ಇದು ಬಂಗಾಳದ ಸಂಗತಿ, ನಮಗೇನು ಎಂದು ಯಾರೂ ಎಣಿಸಬಾರದು. ಅದೇ ವರ್ಷ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದೇ ರೀತಿಯ ದೂರುಗಳು ಬಂದುವು. ಉಪನೋಂದಣಿ ಕಚೇರಿಯಲ್ಲಿ ಆಸ್ತಿಯ ಪತ್ರ ಮಾಡಿಸಿಕೊಂಡು ಬಂದವರ ಖಾತೆಗಳಿಂದಲೇ ಹಣ ಹೋಗಿತ್ತು. ತಂದೆಯ ಮನೆಯ ಪಾಲುಪತ್ರಕ್ಕೆಂದು ರಜೆ ಹಾಕಿ ಊರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಾವು ಹೂಗ್ಲಿಯ ದಡದಲ್ಲಿದ್ದರೂ ನಮ್ಮ ಬೆರಳು ನೇತ್ರಾವತಿಯ ದಡದ ಕಚೇರಿಯ ಕಾಗದದಲ್ಲಿದೆ.

ಇದಕ್ಕೆ ಉಪಾಯ ಕಷ್ಟದ್ದಲ್ಲ, ಖರ್ಚಿನದೂ ಅಲ್ಲ. ಆಧಾರಿನ ಬೆರಳಚ್ಚಿಗೆ ಬೀಗ ಹಾಕಬಹುದು. ಆಧಾರ್ ಪ್ರಾಧಿಕಾರದ ಮೊಬೈಲ್ ಆಪ್‌ನಲ್ಲಿ ಇಲ್ಲವೆ ಅದರ ಜಾಲತಾಣದಲ್ಲಿ ನಾವೇ ಹಾಕಿಕೊಳ್ಳಬಹುದು. ನಮ್ಮ ಮೊಬೈಲ್ ಸಂಖ್ಯೆ ಆಧಾರಿಗೆ ಸೇರಿರಬೇಕು, ಅಷ್ಟೆ. ಬೆರಳು ಒತ್ತಬೇಕಾದ ಕೆಲಸ ಬಂದಾಗ ಸ್ವಲ್ಪ ಹೊತ್ತು ಬೀಗ ತೆಗೆದು ಕೆಲಸ ಮುಗಿಸಿಕೊಳ್ಳಬಹುದು. ಊರಿನಲ್ಲಿರುವ ತಾಯಿತಂದೆಯರು ಬೆರಳೊತ್ತಿಯೇ ಪಿಂಚಣಿ ಅಥವಾ ಪಡಿತರ ಪಡೆಯುವವರಾದರೆ, ಈ ತೆಗೆದು ಹಾಕುವ ಕ್ರಮವನ್ನು ಅವರಿಗೆ ತಿಳಿಸಿಕೊಡದೆ ಬೀಗ ಹಾಕಿ ಬರಬಾರದು. ಬೀಗವು ಕಳ್ಳನಿಗಿರಲಿ, ಮನೆಯವರಿಗೆ ಬೇಡ.

ಮೂರನೆಯದಾಗಿ ಖಾತೆಯ ಮಾತು. 2024ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳದ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಕೋಲಾಹಲವೆದ್ದಿತು. ಟ್ಯಾಬ್ ಕೊಳ್ಳಲು ಸರಕಾರವು ವಿದ್ಯಾರ್ಥಿಗೆ 10,000 ರೂಪಾಯಿಯಂತೆ ಕೊಡುವ ‘ತರುಣೇರ್ ಸ್ವಪ್ನ’ ಯೋಜನೆಯ ಹಣ ಅನೇಕ ಮಕ್ಕಳಿಗೆ ಬರಲೇ ಇಲ್ಲ. ಪಟ್ಟಿಯಲ್ಲಿ ಮಗುವಿನ ಹೆಸರೇನೋ ಇದ್ದಿತು. ಖಾತೆಯ ಸಂಖ್ಯೆ ಮಾತ್ರ ಬೇರೆಯವರದಾಗಿತ್ತು. ತನಿಖೆಯ ಜಾಡು ಉತ್ತರ ದಿನಾಜಪುರ ಜಿಲ್ಲೆಯ ಚೋಪ್ರಾದವರೆಗೆ ಹೋಯಿತು. ಅಲ್ಪ ಹಣ ಕೊಟ್ಟು ಬಡವರ ಖಾತೆಗಳನ್ನು ಬಾಡಿಗೆಗೆ ಪಡೆಯಲಾಗಿತ್ತೆಂಬ ವರದಿಗಳೂ ಬಂದುವು.

ಮಿತ್ರರೆ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕದ್ದ ಹಣವು ಎಲ್ಲಿಯಾದರೂ ಇಳಿಯಲೇಬೇಕಲ್ಲವೆ? ವಂಚಕನು ಅದನ್ನು ತನ್ನ ಖಾತೆಯಲ್ಲಿ ಇಳಿಸುವುದಿಲ್ಲ. ಕೆಲಸವಿಲ್ಲದ ಹುಡುಗನನ್ನು ಹುಡುಕುತ್ತಾನೆ. ‘ನಿನ್ನ ಪಾಸ್‌ಬುಕ್ಕು, ಕಾರ್ಡು, ಸಿಮ್ ಮೂರನ್ನೂ ಕೊಡು, ತಿಂಗಳಿಗಿಷ್ಟು ಕೊಡುತ್ತೇನೆ, ನೀನೇನೂ ಮಾಡಬೇಕಾಗಿಲ್ಲ’ ಎನ್ನುತ್ತಾನೆ. ಪೋಲೀಸರು ಬರುವಾಗ ಮೊದಲು ಬರುವುದು ಖಾತೆಯಲ್ಲಿರುವ ಹೆಸರಿನ ಬಾಗಿಲಿಗೆ. ಬಾಡಿಗೆ ಪಡೆದವನು ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ. ಇನ್ನೊಬ್ಬ ದುಡಿಮೆಗಾರನ ಸಂಬಳ ಕದಿಯಲು ನಮ್ಮ ಹೆಸರನ್ನು ಏಣಿಯಾಗಿ ಕೊಡುವುದು ಕಾನೂನಿನಲ್ಲಿ ಅಪರಾಧ. ನಮ್ಮವರ ನಡುವಿನ ನ್ಯಾಯದಲ್ಲಿಯೂ ಅಪರಾಧ. ಖಾತೆಯನ್ನಾಗಲಿ ಸಿಮ್ಮನ್ನಾಗಲಿ ಯಾರಿಗೂ ಬಾಡಿಗೆಗೆ ಕೊಡಕೂಡದು, ಎರವಲಾಗಿಯೂ ಕೊಡಕೂಡದು. ಹೊಸದಾಗಿ ಊರಿನಿಂದ ಬರುವ ಹುಡುಗರಿಗೆ ಈ ಒಂದು ಮಾತನ್ನು ಮೊದಲ ದಿನವೇ ಹೇಳತಕ್ಕದ್ದು.

ನಾಲ್ಕನೆಯದು ಭಯದ ಮಾರ್ಗ. ಇದರಲ್ಲಿ ವಂಚಕನು ಕದಿಯುವುದು ನಮ್ಮ ಹೆಸರನ್ನಲ್ಲ, ಅಧಿಕಾರದ ಹೆಸರನ್ನು. 2021ರ ಜೂನಿನಲ್ಲಿ ಕಸಬಾ ಬಡಾವಣೆಯಲ್ಲಿ ಐ.ಎ.ಎಸ್. ಅಧಿಕಾರಿಯೆಂದು ಹೇಳಿಕೊಂಡ ಒಬ್ಬನು ಕೋವಿಡ್ ಲಸಿಕೆಯ ಶಿಬಿರವನ್ನೇ ನಡೆಸಿದ. ನೂರಾರು ಜನ ಬಂದು ಚುಚ್ಚಿಸಿಕೊಂಡರು. ಆಗ ಜಾದವಪುರದ ಲೋಕಸಭಾ ಸದಸ್ಯೆಯಾಗಿದ್ದ ಮಿಮಿ ಚಕ್ರವರ್ತಿಯವರೂ ಅಲ್ಲಿ ಚುಚ್ಚಿಸಿಕೊಂಡರು. ಆದರೆ ಲಸಿಕೆಯ ಬಳಿಕ ಬರಬೇಕಾದ ಸಂದೇಶ ಮೊಬೈಲಿಗೆ ಬರಲಿಲ್ಲ. ಅವರು ಸುಮ್ಮನಿರದೆ ವಿಚಾರಿಸಿದರು. ಆ ಒಂದು ಪ್ರಶ್ನೆಯಿಂದ ಇಡೀ ನಾಟಕ ಬಯಲಾಯಿತು. ಅಧಿಕಾರಿಯೂ ಸುಳ್ಳು, ಲಸಿಕೆಯೂ ಸುಳ್ಳು. ನೂರಾರು ಜನರಿದ್ದ ಕಡೆ ಒಬ್ಬರು ಕೇಳಿದ್ದರಿಂದ ಉಳಿದವರಿಗೂ ಸತ್ಯ ತಿಳಿಯಿತೆಂಬುದನ್ನು ನೆನಪಿಡೋಣ.

ಇದಕ್ಕಿಂತ ಕ್ರೂರವಾದುದು ‘ಡಿಜಿಟಲ್ ಅರೆಸ್ಟ್’ ಎಂಬ ಮೋಸ. ಕೋಲ್ಕತ್ತಾಕ್ಕೆ ದೂರವಲ್ಲದ ನದಿಯಾ ಜಿಲ್ಲೆಯ ನಿವೃತ್ತರೊಬ್ಬರಿಗೆ ಮುಂಬಯಿಯ ಪೋಲೀಸರೆಂದು ಹೇಳಿಕೊಂಡವರು ಕರೆ ಮಾಡಿ, ಹೆದರಿಸಿ, ಕ್ಯಾಮರಾದ ಮುಂದೆಯೇ ಕೂಡಿಹಾಕಿದಂತೆ ಮಾಡಿ, ಸುಮಾರು 1 ಕೋಟಿ ರೂಪಾಯಿ ಕಿತ್ತುಕೊಂಡರು. ಪೋಲೀಸರು ಬೇರೆ ಬೇರೆ ರಾಜ್ಯಗಳಿಗೆ ಹೋಗಿ ಅಪರಾಧಿಗಳನ್ನು ಹಿಡಿದರು. 2025ರ ಜುಲೈನಲ್ಲಿ ಕಲ್ಯಾಣಿಯ ನ್ಯಾಯಾಲಯ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ಮೋಕದ್ದಮೆಯಲ್ಲಿ ದೇಶದಲ್ಲಿಯೇ ಇದು ಮೊದಲ ಶಿಕ್ಷೆಯೆಂದು ಪತ್ರಿಕೆಗಳು ಬರೆದುವು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಫೋನಿನ ಮೂಲಕ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಬಂಧಿಸುವವರು ಬಾಗಿಲಿಗೆ ಬರುತ್ತಾರೆ, ಕಾರಣ ತಿಳಿಸುತ್ತಾರೆ, ನ್ಯಾಯಾಲಯದ ಮುಂದೆ ನಿಲ್ಲಿಸುತ್ತಾರೆ. ವಿಡಿಯೋದಲ್ಲಿ ಬರುವವನು ಖಾಕಿ ತೊಟ್ಟಿದ್ದರೂ ಪೋಲೀಸನಲ್ಲ.

ಈ ನಾಲ್ಕು ಸಂಗತಿಗಳಲ್ಲಿ ಮೊದಲ ಎರಡು ನಮಗೆ ತಿಳಿಯದಂತೆ ನಡೆಯುವ ಕಳ್ಳತನ. ಅವಕ್ಕೆ ಬೀಗವೇ ಮದ್ದು. ಕೊನೆಯ ಎರಡು ನಮ್ಮನ್ನೇ ಒಪ್ಪಿಸಿ, ಹೆದರಿಸಿ ಮಾಡಿಸುವುದು. ಅವಕ್ಕೆ ಬೀಗ ಸಾಲದು. ಅಲ್ಲಿ ವಂಚಕನ ಮಾತು ಯಾವಾಗಲೂ ಒಂದೇ: ‘ಯಾರಿಗೂ ಹೇಳಬೇಡ.’ ಹೆಂಡತಿಗೆ ಹೇಳಬೇಡ, ಕೋಣೆಯ ಜೊತೆಗಾರನಿಗೆ ಹೇಳಬೇಡ, ಫೋನು ಇಡಬೇಡ. ಏಕೆ? ಇನ್ನೊಬ್ಬರ ಕಿವಿಗೆ ಬಿದ್ದ ಕ್ಷಣವೇ ಅವನ ಸುಳ್ಳು ಒಡೆಯುತ್ತದೆಂಬುದು ಅವನಿಗೆ ಗೊತ್ತು. ನಮ್ಮ ಒಂಟಿತನವೇ ಅವನ ಬಂಡವಾಳ. ಆದಕಾರಣ ನಮ್ಮ ಉತ್ತರವೂ ಒಂದೇ: ಹೇಳಬೇಕು. ಹಣ ಕಳಿಸುವುದಕ್ಕೆ ಮೊದಲು ಒಬ್ಬರಿಗಾದರೂ ಹೇಳಬೇಕು.

ಇನ್ನು ಆಚರಣೆಯಲ್ಲಿ ಮಾಡಬೇಕಾದುದನ್ನು ನೋಡೋಣ.

ಆಧಾರಿನ ಪ್ರತಿ ಕೇಳಿದಾಗ, ಮೊದಲ ಎಂಟು ಅಂಕಿಗಳು ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ನಡೆಯುವ ಕಡೆ ಅದನ್ನೇ ಕೊಡಬೇಕು. ಪ್ರತಿಯ ಮೇಲೆ ಅಡ್ಡಲಾಗಿ, ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆದು ಸಹಿ ಮಾಡಬೇಕು. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಯನ್ನು ಬಿಟ್ಟು ಬರಕೂಡದು. ಅಂಗಡಿಯವನ ಮೊಬೈಲಿಗೆ ಕಳಿಸಿದ್ದರೆ ನಮ್ಮ ಕಣ್ಣೆದುರೇ ಅಳಿಸಿಸಬೇಕು.

ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳಿವೆಯೆಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆ 2023ರಲ್ಲಿ ಆರಂಭಿಸಿದ ‘ಸಂಚಾರ ಸಾಥಿ’ಯಲ್ಲಿ ನೋಡಬಹುದು. ನಮ್ಮದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ತಿಳಿಸಬಹುದು. ನಮ್ಮ ಪ್ಯಾನಿನ ಮೇಲೆ ಬೇರೆ ಯಾರಾದರೂ ಸಾಲ ತೆಗೆದಿದ್ದಾರೆಯೆ ಎಂದು ತಿಳಿಯಲು ಸಿಬಿಲ್ ಮುಂತಾದ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಸಾಲದ ವರದಿಯನ್ನು ಹಣ ಕೊಡದೆ ಪಡೆಯಬಹುದು. ಮೊಬೈಲಿನ ಸಿಗ್ನಲ್ ಕಾರಣವಿಲ್ಲದೆ ಗಂಟೆಗಟ್ಟಲೆ ಸತ್ತುಹೋದರೆ ಅದನ್ನು ಹಗುರವಾಗಿ ಕಾಣಬಾರದು. ನಮ್ಮ ಸಂಖ್ಯೆಗೆ ಬೇರೊಬ್ಬನು ಹೊಸ ಸಿಮ್ ತೆಗೆದಿರಬಹುದು. ಕೂಡಲೇ ಕಂಪನಿಯನ್ನೂ ಬ್ಯಾಂಕನ್ನೂ ವಿಚಾರಿಸಬೇಕು.

ಯು.ಪಿ.ಐ. ಬಳಸುವವರು ಒಂದು ಸೂತ್ರವನ್ನು ಬಾಯಿಪಾಠ ಮಾಡಿಕೊಳ್ಳಬೇಕು: ಹಣ ಬರಲು ಪಿನ್ ಬೇಡ, ಹಣ ಹೋಗಲು ಮಾತ್ರ ಪಿನ್ ಬೇಕು. ‘ನಿಮಗೆ ಹಣ ಬಂದಿದೆ, ಪಿನ್ ಒತ್ತಿ’ ಎಂದವನು ಕಳ್ಳನೇ. ‘ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ ಕಡಿಯುತ್ತೇವೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಂದೇಶ ಈ ನಗರದಲ್ಲಿ ಅನೇಕರಿಗೆ ಬಂದಿದೆ. ವಿದ್ಯುತ್ ಕಂಪನಿಯ ಸಂಖ್ಯೆ ಬಿಲ್ಲಿನ ಮೇಲೆಯೇ ಅಚ್ಚಾಗಿದೆ. ಬಂದ ಸಂಖ್ಯೆಯನ್ನು ಬಿಟ್ಟು ಬಿಲ್ಲಿನ ಸಂಖ್ಯೆಗೆ ಕರೆ ಮಾಡಿ ಕೇಳಬೇಕು. ಬ್ಯಾಂಕಿನ ವಿಷಯದಲ್ಲಿಯೂ ಹಾಗೆಯೇ. ಕಾರ್ಡಿನ ಹಿಂದೆ ಅಚ್ಚಾದ ಸಂಖ್ಯೆಯೇ ನಮಗೆ ಪ್ರಮಾಣ. ಮದುವೆಯ ಕರೆಯೋಲೆ, ದಂಡದ ನೋಟೀಸು, ಸರಕಾರದ ಸಹಾಯಧನ ಎಂದು ವಾಟ್ಸ್‌ಆಪಿನಲ್ಲಿ ಬರುವ ಎ.ಪಿ.ಕೆ. ಕಡತಗಳನ್ನು ತೆರೆಯಲೇಕೂಡದು.

ನಮ್ಮ ಭಾಷೆಯ ಬಗ್ಗೆಯೂ ಒಂದು ಮಾತು. ಬಂಗಾಳಿ ಹಿಂದಿಗಳ ನಡುವೆ ದಿನ ಕಳೆಯುವ ನಮಗೆ ಫೋನಿನಲ್ಲಿ ಕನ್ನಡ ಕೇಳಿದರೆ ಮನಸ್ಸು ಕರಗುತ್ತದೆ. ಅದು ಸಹಜ. ಆದರೆ ಕನ್ನಡ ಆಡಿದ ಮಾತ್ರಕ್ಕೆ ನಮ್ಮವನಾಗುವುದಿಲ್ಲ. ಊರಿನ ಬ್ಯಾಂಕಿನವನೆಂದು ಹೇಳಿದರೆ, ಊರಿನಲ್ಲಿರುವವರನ್ನು ಬ್ಯಾಂಕಿಗೆ ಕಳಿಸಿ ವಿಚಾರಿಸೋಣ. ಒಂದು ದಿನ ತಡವಾದರೆ ನಿಜವಾದ ಬ್ಯಾಂಕು ಓಡಿಹೋಗುವುದಿಲ್ಲ.

ಇಷ್ಟಾದರೂ ಹಣ ಹೋದರೆ? ಆಗ ತಲೆಯ ಮೇಲೆ ಕೈಹೊತ್ತು ಕೂಡಬಾರದು. ಮೊದಲ ಗಂಟೆ ಬಹಳ ಬೆಲೆಯುಳ್ಳದ್ದು. 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ಅದನ್ನು ತಡೆದು ನಿಲ್ಲಿಸಲು ಏರ್ಪಟ್ಟ ಸಂಖ್ಯೆ ಅದು. ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಎಂಬ ತಾಣದಲ್ಲಿಯೂ ದೂರು ಬರೆಯಬಹುದು. ಅದರ ಜೊತೆಗೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ದೂರಿನ ಸಂಖ್ಯೆಯನ್ನೂ ಸ್ವೀಕೃತಿಯನ್ನೂ ಪಡೆಯಬೇಕು. ನಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವನಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟ ಹೊರಿಸಕೂಡದೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಗ್ರಾಹಕನೇ ಗುಟ್ಟಿನ ಸಂಖ್ಯೆ ಹೇಳಿಬಿಟ್ಟಿದ್ದರೂ, ಅವನು ತಿಳಿಸಿದ ಬಳಿಕ ಆಗುವ ನಷ್ಟ ಬ್ಯಾಂಕಿನದೆಂದೂ ಅದರಲ್ಲಿ ಹೇಳಿತ್ತು. ಈ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಈಗಿನ ನಿಯಮವನ್ನು ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು. ಬೇಗ ತಿಳಿಸಿದವನಿಗೆ ಹಕ್ಕು ಹೆಚ್ಚು ಎಂಬ ತತ್ತ್ವವನ್ನು ಮಾತ್ರ ಮರೆಯಬಾರದು.

‘ನಿಮ್ಮ ಖಾತೆ ಉಡುಪಿಯಲ್ಲಿದೆ, ಅಲ್ಲಿಗೇ ಹೋಗಿ ದೂರು ಕೊಡಿ’ ಎಂದು ಯಾರಾದರೂ ಹೇಳಿದರೆ ಹಿಂದಿರುಗಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧ ಎಲ್ಲಿ ನಡೆದಿದ್ದರೂ ನಾವಿರುವ ಕಡೆಯ ಠಾಣೆಯಲ್ಲಿ ಮಾಹಿತಿ ದಾಖಲಿಸಬಹುದು. ಲಾಲ್‌ಬಜಾರಿನಲ್ಲಿ ಕೋಲ್ಕತ್ತಾ ಪೋಲೀಸರ ಸೈಬರ್ ಠಾಣೆಯೂ ಇದೆ. ಇನ್ನೊಬ್ಬರ ಪಾಸ್‌ವರ್ಡು, ಗುರುತಿನ ಲಕ್ಷಣ ಮೊದಲಾದುವನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯಲ್ಲಿ ಮೂರು ವರ್ಷಗಳವರೆಗೆ ಶಿಕ್ಷೆಯಿದೆ. ಕಾನೂನಿದೆ. ಅದನ್ನು ಎಚ್ಚರಿಸುವ ಕೆಲಸ ನಮ್ಮದು.

ಕೊನೆಯದಾಗಿ ಸಂಘದ ಕರ್ತವ್ಯ. ಮೋಸಹೋದವರು ಹಣದ ದುಃಖಕ್ಕಿಂತ ನಾಚಿಕೆಯಿಂದಲೇ ಹೆಚ್ಚು ಕುಗ್ಗುತ್ತಾರೆ. ‘ಇಷ್ಟು ಓದಿದವನಿಗೆ ಇಷ್ಟು ಬುದ್ಧಿ ಬೇಡವೆ’ ಎಂಬ ನಗೆಮಾತಿಗೆ ಹೆದರಿ ಎರಡು ದಿನ ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ಎರಡು ದಿನಗಳಲ್ಲಿ ಹಣ ಕೈಮೀರಿ ಹೋಗಿರುತ್ತದೆ. ನಕ್ಕವರು ವಂಚಕನಿಗೆ ಸಹಾಯ ಮಾಡಿದಂತೆಯೇ. ನಮ್ಮ ಸಂಘದಲ್ಲಿ ಯಾರೂ ನಗತಕ್ಕದ್ದಲ್ಲವೆಂಬುದು ಮೊದಲ ನಿಯಮವಾಗಲಿ. ಎರಡನೆಯದಾಗಿ, ಮೊಬೈಲ್ ವ್ಯವಹಾರ ಬಲ್ಲ ಇಬ್ಬರು ಮೂವರು ಸದಸ್ಯರು ಸಂಬಳದ ಮರುದಿನದ ಭಾನುವಾರ ಸಂಘದಲ್ಲಿ ಕುಳಿತು, ಬಂದವರಿಗೆ ಬೀಗ ಹಾಕುವುದನ್ನು, ಸಿಮ್ ಪಟ್ಟಿ ನೋಡುವುದನ್ನು ಕಲಿಸಿಕೊಡಲಿ. ಮಾಡಿಕೊಡುವುದಲ್ಲ, ಕಲಿಸಿಕೊಡುವುದು, ಪಿನ್ನನ್ನು ಸಂಘದವರಿಗೂ ಹೇಳತಕ್ಕದ್ದಲ್ಲ. ಮೂರನೆಯದಾಗಿ, ಪ್ರತಿಯೊಬ್ಬ ಸದಸ್ಯನೂ ಅನುಮಾನ ಬಂದಾಗ ನಡುರಾತ್ರಿಯಲ್ಲಿಯೂ ಕರೆ ಮಾಡಬಹುದಾದ ಇನ್ನೊಬ್ಬ ಸದಸ್ಯನನ್ನು ಇಂದೇ ಗೊತ್ತುಮಾಡಿಕೊಳ್ಳಲಿ.

ಒಬ್ಬೊಬ್ಬರಾಗಿ ಮಾಲೀಕನೆದುರು ನಿಂತಾಗ ನಮ್ಮ ಮಾತು ಎಷ್ಟು ನಡೆಯುತ್ತಿತ್ತೆಂಬುದು ನಮಗೆ ಗೊತ್ತು. ಒಟ್ಟಾದ ಮೇಲೆ ಎಷ್ಟು ನಡೆಯಿತೆಂಬುದೂ ಗೊತ್ತು. ಈ ಕಣ್ಣಿಗೆ ಕಾಣದ ಕಳ್ಳನ ಮುಂದೆಯೂ ಅದೇ ನ್ಯಾಯ. ಸಭೆ ಮುಗಿದು ಹೊರಡುವ ಮೊದಲು ಪಕ್ಕದಲ್ಲಿರುವವರ ಹೆಸರನ್ನೂ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿರಿ. 1930 ಎಂಬುದನ್ನು ಅದರ ಕೆಳಗೆ ಬರೆಯಿರಿ.